ಒಂದೇ ಪದ, ಹಲವು ಅರ್ಥ: ಕುರ್‌ಆನ್ ವ್ಯಾಖ್ಯಾನದ ಶಿಸ್ತು ನಮಗೇಕೆ ಬೇಕು?

ದಯಾಮಯನೂ ಕರುಣಾಳುವೂ ಆದ ಅಲ್ಲಾಹನ ನಾಮದಿಂದ ಆರಂಭಿಸುತ್ತೇನೆ.

ಕನ್ನಡದಲ್ಲಿ ‘ಒಕ್ಕಲು’ ಎಂಬ ಪದವಿದೆ. ನಮ್ಮ ಕಲ್ಲೋಳಿಯ ಸೀಮೆಯಲ್ಲಿ ಒಕ್ಕಲುತನವೆಂದರೆ ಬೇಸಾಯ. ಕಣದಲ್ಲಿ ತೆನೆ ತುಳಿಸಿ ಕಾಳು ಬೇರ್ಪಡಿಸುವುದೂ ಒಕ್ಕುವುದೇ. ಒಕ್ಕಲೆಬ್ಬಿಸು ಎಂದರೆ ನೆಲೆಯಿಂದ ಹೊರಹಾಕು. ಮನೆಯೊಕ್ಕಲು ಎಂದರೆ ಹೊಸ ಮನೆಯ ಪ್ರವೇಶ. ನಮ್ಮ ಕಡೆಯ ಹಿರಿಯರು ‘ಒಕ್ಕಲಿಗ’ ಎಂದರೆ ಅವರ ಮನಸ್ಸಿನಲ್ಲಿ ಇರುವುದು ಹೊಲದಲ್ಲಿ ದುಡಿಯುವ ರೈತ. ಅದೇ ಪದ ಮೈಸೂರು ಸೀಮೆಯಲ್ಲಿ ಒಂದು ಸಮುದಾಯದ ಹೆಸರು. ಪದ ಒಂದೇ. ಯಾರು, ಎಲ್ಲಿ, ಯಾವ ಮಾತಿನ ನಡುವೆ ಅದನ್ನು ಆಡಿದರು ಎಂಬುದನ್ನು ತಿಳಿಯದೆ ಅರ್ಥ ಹೇಳಹೊರಟರೆ ಬೇಸಾಯದ ಮಾತು ಜಾತಿಯ ಮಾತಾಗಿಬಿಡುತ್ತದೆ.

ನಾವು ದಿನವೂ ಆಡುವ ಮಾತಿನಲ್ಲೇ ಇಷ್ಟು ಎಚ್ಚರ ಬೇಕು. ಹಾಗಿರುವಾಗ ಹದಿನಾಲ್ಕು ಶತಮಾನಗಳ ಹಿಂದೆ ಅರಬೀ ಭಾಷೆಯಲ್ಲಿ ಅವತೀರ್ಣವಾದ ದೇವವಚನದ ವಿಷಯದಲ್ಲಿ ಎಷ್ಟು ಎಚ್ಚರ ಬೇಕಾಗಬಹುದು? ಈ ಎಚ್ಚರಕ್ಕೆ ನಮ್ಮ ಹಿರಿಯ ವಿದ್ವಾಂಸರು ಒಂದು ವಿದ್ಯೆಯ ರೂಪವನ್ನೇ ಕೊಟ್ಟರು. ಅದುವೇ ತಫ್ಸೀರ್, ಅಂದರೆ ಕುರ್‌ಆನಿನ ವ್ಯಾಖ್ಯಾನ. ನಾನು ಮೊದಲು ಮದ್ರಸಾದಲ್ಲಿ ಓದಿ, ಆ ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದವನು. ಮದ್ರಸಾದಲ್ಲಿ ಜಲಾಲೈನ್ ಓದಿದೆ. ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಟೀಕು, ನಿಘಂಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಗೌರವವಿರುವ ಯಾವ ಗ್ರಂಥವನ್ನೂ ಯಾರೂ ಆತುರದಿಂದ ಓದುವುದಿಲ್ಲವೆಂಬುದನ್ನು ಎರಡೂ ಕಡೆ ಕಂಡೆ. ಇಂದು ನಮ್ಮ ಮನೆಗಳಲ್ಲಿ ಕುರ್‌ಆನಿನ ಸೂಕ್ತಗಳು ಬಹುಮಟ್ಟಿಗೆ ಮೊಬೈಲ್ ಮೂಲಕ, ತುಂಡುತುಂಡಾಗಿ, ಚಿತ್ರಗಳ ರೂಪದಲ್ಲಿ ತಲುಪುತ್ತಿವೆ. ಆದ್ದರಿಂದ ಈ ವಿದ್ಯೆಯ ಪರಿಚಯ ಆಲಿಮರಿಗೆ ಮಾತ್ರ ಸಾಲದು, ಪ್ರತಿ ಕುಟುಂಬಕ್ಕೂ ಬೇಕಾಗಿದೆ.

ವ್ಯಾಖ್ಯಾನ ಆರಂಭವಾದ ಬಗೆ

ಕುರ್‌ಆನಿನ ಮೊದಲ ವ್ಯಾಖ್ಯಾನಕಾರರು ಸ್ವತಃ ಪ್ರವಾದಿ ಮುಹಮ್ಮದ್(ಸ). ಅಲ್ ಅನ್‌ಆಮ್ ಅಧ್ಯಾಯದ 82ನೇ ಸೂಕ್ತವು, ತಮ್ಮ ವಿಶ್ವಾಸದೊಂದಿಗೆ ‘ಝುಲ್ಮ್’ ಅನ್ನು ಬೆರೆಸದವರಿಗೆ ಮಾತ್ರ ಅಭಯವಿದೆ ಎಂಬ ಆಶಯವನ್ನು ಹೇಳುತ್ತದೆ. ಝುಲ್ಮ್ ಎಂದರೆ ಅನ್ಯಾಯ, ಅಕ್ರಮ. ಇದನ್ನು ಕೇಳಿ ಸಹಾಬಿಗಳು ಕಂಗಾಲಾದರು. ತನ್ನ ಮೇಲೆ ತಾನೇ ಒಂದಲ್ಲ ಒಂದು ಅನ್ಯಾಯ ಮಾಡಿಕೊಳ್ಳದವನು ಯಾರಿದ್ದಾನೆ ಎಂದು ಪ್ರವಾದಿ(ಸ)ರ ಬಳಿ ಅಳಲು ತೋಡಿಕೊಂಡರು. ಆಗ ಅವರು ಲುಕ್ಮಾನ್ ಅಧ್ಯಾಯದ 13ನೇ ಸೂಕ್ತದತ್ತ ಗಮನ ಸೆಳೆದರು. ಅಲ್ಲಿ ಲುಕ್ಮಾನರು ಮಗನಿಗೆ ಉಪದೇಶಿಸುತ್ತ, ಅಲ್ಲಾಹನಿಗೆ ಸಹಭಾಗಿಯನ್ನು ಕಲ್ಪಿಸುವುದನ್ನೇ ಮಹಾ ಝುಲ್ಮ್ ಎಂದು ಕರೆದಿದ್ದಾರೆ. ಮೊದಲ ಸೂಕ್ತದ ಝುಲ್ಮ್ ಎಂದರೆ ಇದೇ ಶಿರ್ಕ್ ಎಂದು ಅವರಿಗೆ ತಿಳಿಯಿತು. ಸಹಾಬಿಗಳ ಮನಸ್ಸು ಹಗುರಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅರಬೀ ಮಾತೃಭಾಷೆಯಾಗಿದ್ದವರಿಗೇ ಒಂದು ಪದದ ಅರ್ಥವನ್ನು ಕೇಳಿ ತಿಳಿಯಬೇಕಾಯಿತು. ಉತ್ತರವೂ ಕುರ್‌ಆನಿನ ಒಳಗೇ, ಬೇರೊಂದು ಅಧ್ಯಾಯದಲ್ಲಿ ಇತ್ತು. ಕುರ್‌ಆನನ್ನು ಮೊದಲು ಕುರ್‌ಆನಿನಿಂದಲೇ ವಿವರಿಸಬೇಕು. ಅಲ್ಲಿ ಸಿಗದಿದ್ದರೆ ಪ್ರವಾದಿಚರ್ಯೆಯಿಂದ, ಅನಂತರ ಸಹಾಬಿಗಳ ಮಾತಿನಿಂದ, ಆ ಮೇಲೆ ಅವರ ಶಿಷ್ಯರಾದ ತಾಬಿಈಗಳ ಮಾತಿನಿಂದ ಎಂಬ ಕ್ರಮವನ್ನು ಮುಂದೆ ಇಬ್ನು ತೈಮಿಯ್ಯ(ರ) ತಮ್ಮ ಮುಕದ್ದಿಮದಲ್ಲಿ ಬಿಡಿಸಿ ಹೇಳಿದರು. ಇಬ್ನು ಕಸೀರ್(ರ) ತಮ್ಮ ತಫ್ಸೀರಿನಲ್ಲಿ ಅದೇ ಕ್ರಮವನ್ನು ಅನುಸರಿಸಿದರು.

ಸೂಕ್ತವು ಅವತೀರ್ಣವಾದ ಸಂದರ್ಭವನ್ನು ಅರಿಯುವುದು ಇನ್ನೊಂದು ಮುಖ್ಯ ಸಾಧನ. ಅಲ್ ಬಕರ ಅಧ್ಯಾಯದ 158ನೇ ಸೂಕ್ತವು ಸಫಾ ಮತ್ತು ಮರ್ವಾಗಳ ನಡುವೆ ನಡೆಯುವವನ ಮೇಲೆ ದೋಷವಿಲ್ಲ ಎನ್ನುತ್ತದೆ. ಇದನ್ನು ಓದಿದ ಉರ್ವಾ(ರ), ಹಾಗಾದರೆ ನಡೆಯದಿದ್ದರೂ ಅಡ್ಡಿಯಿಲ್ಲವಲ್ಲ ಎಂದು ತಮ್ಮ ಚಿಕ್ಕಮ್ಮ ಹಝ್ರತ್ ಆಯಿಶಾ(ರ)ರ ಬಳಿ ಕೇಳಿದರು. ಆ ತಾಯಿ ಅಕ್ಕನ ಮಗನನ್ನು ತಿದ್ದಿದರು. ನೀನು ಹೇಳುವ ಅರ್ಥ ಬರಬೇಕಾದರೆ, ನಡೆಯದಿರುವವನ ಮೇಲೆ ದೋಷವಿಲ್ಲವೆಂದು ಇರಬೇಕಾಗಿತ್ತು. ಇಸ್ಲಾಮಿಗೆ ಮುನ್ನ ಮದೀನದ ಅನ್ಸಾರರು ಮನಾತ್ ವಿಗ್ರಹದ ಹೆಸರಿನಲ್ಲಿ ಯಾತ್ರೆ ಹೊರಡುತ್ತಿದ್ದರು. ಸಫಾ ಮತ್ತು ಮರ್ವಾಗಳ ನಡುವೆ ನಡೆಯಲು ಅವರಿಗೆ ಸಂಕೋಚವಿತ್ತು. ಆ ಸಂಕೋಚ ನೀಗಿಸಲೆಂದು ಈ ಸೂಕ್ತ ಬಂತು ಎಂದು ವಿವರಿಸಿದರು. ವಾಕ್ಯರಚನೆಯ ತರ್ಕ, ಇತಿಹಾಸದ ಅರಿವು ಎರಡೂ ಒಂದೇ ಉತ್ತರದಲ್ಲಿ ಸೇರಿವೆ. ತಫ್ಸೀರಿನ ಮೊದಲ ಪೀಳಿಗೆಯ ಈ ಗುರು ಒಬ್ಬ ಮಹಿಳೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಒತ್ತಿ ಹೇಳಬೇಕು.

ಓದಿನ ಮೇಲೆ ನಿಂತ ಒಂದು ಜೀವ

ವ್ಯಾಖ್ಯಾನವೆಂದರೆ ಪಂಡಿತರ ಕಾಲಹರಣವಲ್ಲ. ಮದುವೆಯಾಗಿ ಆರೇ ತಿಂಗಳಿಗೆ ಮಗುವನ್ನು ಹೆತ್ತ ಮಹಿಳೆಯೊಬ್ಬಳನ್ನು ವ್ಯಭಿಚಾರದ ಆರೋಪದ ಮೇಲೆ ಖಲೀಫರ ಮುಂದೆ ತಂದ ಪ್ರಸಂಗ ನಮ್ಮ ಗ್ರಂಥಗಳಲ್ಲಿದೆ. ಶಿಕ್ಷೆಯ ಆದೇಶವಾಯಿತು. ಆಗ ಹಝ್ರತ್ ಅಲಿ(ರ) ಎರಡು ಸೂಕ್ತಗಳನ್ನು ಜೋಡಿಸಿ ಓದಿದರು. ಅಲ್ ಅಹ್ಕಾಫ್ ಅಧ್ಯಾಯದ 15ನೇ ಸೂಕ್ತದಂತೆ ಗರ್ಭಧಾರಣೆಯಿಂದ ಹಾಲು ಬಿಡಿಸುವವರೆಗಿನ ಅವಧಿ 30 ತಿಂಗಳು. ಅಲ್ ಬಕರ ಅಧ್ಯಾಯದ 233ನೇ ಸೂಕ್ತದಂತೆ ಪೂರ್ಣ ಸ್ತನ್ಯಪಾನದ ಅವಧಿ ಎರಡು ವರ್ಷ, ಅಂದರೆ 24 ತಿಂಗಳು. ಮೂವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಉಳಿಯುವುದು ಆರು. ಆರು ತಿಂಗಳಿಗೆ ಹೆರಿಗೆ ಸಾಧ್ಯವೆಂದು ಕುರ್‌ಆನೇ ಹೇಳುತ್ತಿರುವಾಗ ಈಕೆಯ ಮೇಲೆ ಅಪರಾಧ ಹೊರಿಸುವಂತಿಲ್ಲ ಎಂದರು.

ಈ ಘಟನೆ ಹಝ್ರತ್ ಉಮರ್(ರ)ರ ಕಾಲದ್ದೆಂದು ಕೆಲವು ವರದಿಗಳು, ಹಝ್ರತ್ ಉಸ್ಮಾನ್(ರ)ರ ಕಾಲದ್ದೆಂದು ಕೆಲವು ಹೇಳುತ್ತವೆ. ಉಮರ್(ರ)ರ ಹೆಸರಿನ ವರದಿಯಲ್ಲಿ ಆಕೆ ಬದುಕುಳಿಯುತ್ತಾಳೆ. ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿರುವ ವರದಿಯಲ್ಲಿ, ಖಲೀಫರು ಆದೇಶ ಹಿಂಪಡೆದು ಜನರನ್ನು ಕಳುಹಿಸುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಈ ಎರಡನೆಯ ವರದಿಯನ್ನು ಪಾಠ ಮಾಡುವಾಗ ತರಗತಿ ಮೌನವಾಗುತ್ತದೆ. ಎರಡು ಸೂಕ್ತಗಳನ್ನು ಜೋಡಿಸಿ ಓದುವವರು ಒಂದು ಗಳಿಗೆ ಮೊದಲೇ ಅಲ್ಲಿದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ನಾಲ್ಕು ದಾರಿಗಳು

ಕಾಲಾಂತರದಲ್ಲಿ ವ್ಯಾಖ್ಯಾನದ ಹಲವು ದಾರಿಗಳು ರೂಪುಗೊಂಡವು. ನಾಲ್ಕನ್ನು ನಾವು ತಿಳಿದಿರಬೇಕು.

ಮೊದಲನೆಯದು ಪರಂಪರೆಯಿಂದ ಬಂದ ವರದಿಗಳನ್ನು ಆಧರಿಸಿದ ದಾರಿ. ಇದರ ಮೇರು ಇಮಾಮ್ ತಬರಿ(ರ). ಹಿಜರಿ 310ರಲ್ಲಿ, ಅಂದರೆ ಕ್ರಿ.ಶ. 923ರಲ್ಲಿ ನಿಧನರಾದ ಅವರು ತಮ್ಮ ‘ಜಾಮಿಉಲ್ ಬಯಾನ್’ನಲ್ಲಿ ಒಂದೊಂದು ಸೂಕ್ತಕ್ಕೂ ತಮಗಿಂತ ಹಿಂದಿನವರ ಅಭಿಪ್ರಾಯಗಳನ್ನೆಲ್ಲ ಹೇಳಿದವರ ಸರಪಳಿ ಸಮೇತ ದಾಖಲಿಸುತ್ತಾರೆ. ಪರಸ್ಪರ ವಿರುದ್ಧವಾದ ಮಾತುಗಳನ್ನೂ ಬಿಡುವುದಿಲ್ಲ. ಎಲ್ಲವನ್ನೂ ಓದುಗರ ಮುಂದಿಟ್ಟ ಬಳಿಕವೇ ತಮಗೆ ಸರಿಯೆನಿಸಿದ್ದು ಯಾವುದು, ಏಕೆ ಎಂದು ಹೇಳುತ್ತಾರೆ. ತನಗೆ ಒಪ್ಪಿಗೆಯಿಲ್ಲದ ಮಾತನ್ನೂ ನ್ಯಾಯವಾಗಿ ನಿರೂಪಿಸುವ ಈ ಪ್ರಾಮಾಣಿಕತೆ ಇಂದಿನ ನಮ್ಮ ಚರ್ಚೆಗಳಲ್ಲಿ ಎಷ್ಟಿದೆ ಎಂದು ಕೇಳಿಕೊಳ್ಳಬೇಕು.

ಎರಡನೆಯದು ವಿಚಾರವನ್ನೂ ಭಾಷಾಶಾಸ್ತ್ರವನ್ನೂ ಬಳಸುವ ದಾರಿ. ಹಿಜರಿ 606ರಲ್ಲಿ ನಿಧನರಾದ ಇಮಾಮ್ ಫಖ್ರುದ್ದೀನ್ ರಾಝಿ(ರ)ಯವರ ‘ಮಫಾತೀಹುಲ್ ಗೈಬ್’ ಪ್ರಶ್ನೆಯ ಮೇಲೆ ಪ್ರಶ್ನೆ ಎತ್ತುತ್ತ ಸಾಗುತ್ತದೆ. ಝಮಖ್ಶರಿಯವರ ‘ಅಲ್ ಕಶ್ಶಾಫ್’ ಕುರ್‌ಆನಿನ ವಾಗ್ವೈಭವವನ್ನು ಬಿಡಿಸಿ ತೋರಿಸುವುದರಲ್ಲಿ ಅಸಮಾನವಾದುದು. ಅವರು ಮುಅ್‌ತಝಿಲಿ ಪಂಥದವರು. ಸುನ್ನಿ ವಿದ್ವಾಂಸರಿಗೆ ಅವರ ವಿಶ್ವಾಸದ ಹಲವು ನಿಲುವುಗಳು ಒಪ್ಪಿಗೆಯಿರಲಿಲ್ಲ. ಆದರೂ ಅವರು ಆ ಗ್ರಂಥವನ್ನು ಎಸೆಯಲಿಲ್ಲ. ಬೈಝಾವಿ(ರ) ಅದರ ಭಾಷಾವಿದ್ಯೆಯನ್ನು ತಮ್ಮ ತಫ್ಸೀರಿಗೆ ತೆಗೆದುಕೊಂಡರು. ಆ ತಫ್ಸೀರ್ ನಮ್ಮ ದೇಶದ ಮದ್ರಸಾಗಳ ಪಠ್ಯವಾಯಿತು.

ಮೂರನೆಯದು ಕಾನೂನಿನ ದಾರಿ. ಸೂಕ್ತಗಳಿಂದ ವಿಧಿನಿಯಮಗಳನ್ನು ಹೊರತೆಗೆಯುವುದು ಇದರ ಗುರಿ. ಸ್ಪೇನಿನ ಕೊರ್ಡೋವಾದಲ್ಲಿ ಹುಟ್ಟಿ, ಹಿಜರಿ 671ರಲ್ಲಿ ನಿಧನರಾದ ಇಮಾಮ್ ಕುರ್ತುಬಿ(ರ) ಇದರಲ್ಲಿ ಪ್ರಸಿದ್ಧರು. ನಾಲ್ಕನೆಯದು ಸೂಫಿಗಳ ಸೂಚನಾರ್ಥದ ದಾರಿ. ಹಿಜರಿ 465ರಲ್ಲಿ ನಿಧನರಾದ ಇಮಾಮ್ ಕುಶೈರಿ(ರ) ತಮ್ಮ ‘ಲತಾಇಫುಲ್ ಇಶಾರಾತ್’ನಲ್ಲಿ ಸೂಕ್ತಗಳು ಸಾಧಕನ ಹೃದಯಕ್ಕೆ ಮಾಡುವ ಸೂಚನೆಗಳನ್ನು ಬರೆದರು. ಈ ದಾರಿಗೂ ವಿದ್ವಾಂಸರು ಮೇರೆ ಹಾಕಿದ್ದಾರೆ: ಸೂಚನಾರ್ಥವು ಬಾಹ್ಯಾರ್ಥವನ್ನು ಅಳಿಸಬಾರದು, ಶರೀಅತ್ತಿನ ಮೂಲತತ್ವಕ್ಕೆ ವಿರುದ್ಧವಾಗಬಾರದು.

ಕಾನೂನಿನ ದಾರಿಗೆ ಒಂದು ಚಿಕ್ಕ ಉದಾಹರಣೆ ಸಾಕು. ಅಲ್ ಮಾಇದ ಅಧ್ಯಾಯದ 6ನೇ ಸೂಕ್ತವು ವುಝೂ ಮಾಡುವಾಗ ತಲೆಯನ್ನು ಸವರಬೇಕೆಂದು ಹೇಳುತ್ತದೆ. ಅಲ್ಲಿ ‘ತಲೆ’ ಎಂಬ ಪದದ ಹಿಂದೆ ‘ಬಿ’ ಎಂಬ ಒಂದು ಪುಟ್ಟ ಪ್ರತ್ಯಯವಿದೆ. ಅದರ ಅರ್ಥವೇನು? ಪೂರ್ಣ ತಲೆ ಸವರಬೇಕು ಎಂದರು ಮಾಲಿಕಿಗಳು. ಹಂಬಲಿಗಳ ಪ್ರಧಾನ ಅಭಿಪ್ರಾಯವೂ ಅದೇ. ತಲೆಯ ನಾಲ್ಕನೇ ಒಂದು ಭಾಗ ಕಡ್ಡಾಯ ಎಂದರು ಹನಫಿಗಳು. ಪ್ರವಾದಿ(ಸ) ಮುಂದಲೆಯನ್ನು ಸವರಿದ ವರದಿ ಅವರಿಗೆ ಆಧಾರ. ಸವರಿದೆ ಎನ್ನುವಷ್ಟು ಸ್ವಲ್ಪ ಭಾಗವಾದರೂ ಕಡ್ಡಾಯ ತೀರುತ್ತದೆ ಎಂದರು ಶಾಫಿಈಗಳು. ನಮ್ಮ ಬೆಳಗಾವಿ ಸೀಮೆಯ ಮುಸ್ಲಿಮರು ಬಹುತೇಕ ಹನಫಿಗಳು. ಭಟ್ಕಳದ ನವಾಯತರೂ ಕರಾವಳಿಯ ಬ್ಯಾರಿಗಳೂ ಬಹುತೇಕ ಶಾಫಿಈಗಳು. ಒಂದೇ ರಾಜ್ಯದವರು ಹಜ್ಜಿಗೆ ಹೋಗಿ ಒಂದೇ ನಲ್ಲಿಯ ಮುಂದೆ ನಿಂತಾಗ, ಒಬ್ಬರು ಸವರುವ ರೀತಿ ಇನ್ನೊಬ್ಬರಿಗೆ ಅಪೂರ್ಣವೆನಿಸಬಹುದು. ಆ ಭೇದದ ಹಿಂದಿರುವುದು ಉದಾಸೀನವಲ್ಲ. ಒಂದಕ್ಷರದ ಬಗ್ಗೆ ಇದ್ದ ಅಪಾರ ಶ್ರದ್ಧೆ. ಇದನ್ನು ತಿಳಿದವನು ಪಕ್ಕದವನ ವುಝೂವನ್ನು ಹಳಿಯಲಾರ.

ಇಬ್ಬರು ಗೆಳೆಯರು ಮತ್ತು ಒಂದು ಪದ

ಈಗ ನಮ್ಮೂರಿನ ಒಂದು ಪ್ರಸಂಗ. ವಾರಕ್ಕೊಮ್ಮೆ ಇಶಾ ನಮಾಝಿನ ಬಳಿಕ ಕನ್ನಡದಲ್ಲಿ ನಡೆಯುವ ನಮ್ಮ ಕುರ್‌ಆನ್ ತರಗತಿಗೆ ಬರುವ ಯುವಕನೊಬ್ಬನು ಬಾಲ್ಯದ ಹಿಂದೂ ಗೆಳೆಯನೊಂದಿಗೆ ಸೇರಿ ಪಾಲಿನಲ್ಲಿ ಹೊಲ ಮಾಡುತ್ತಾನೆ. ಒಂದು ದಿನ ಅವನು ಮೊಬೈಲ್ ಹಿಡಿದುಕೊಂಡು ಬಂದ. ‘ಕಾಫಿರ್’ ಎಂಬ ಪದವಿರುವ ಸೂಕ್ತಗಳನ್ನು ಹಿಂದುಮುಂದಿಲ್ಲದೆ ಕತ್ತರಿಸಿ ಸಾಲಾಗಿ ಜೋಡಿಸಿದ್ದ ಚಿತ್ರವೊಂದು ಅದರಲ್ಲಿತ್ತು. ಅದನ್ನು ಯಾರೋ ಅವನ ಗೆಳೆಯನಿಗೆ ಕಳುಹಿಸಿದ್ದರು. ಗೆಳೆಯನು ಇವನಿಗೆ ತೋರಿಸಿದ್ದ.

‘ಹಜರತ್, ಇದರಾಗ ಬರದದ್ದು ಖರೇನ? ನಿಮ್ಮ ಕಿತಾಬಿನ್ಯಾಗ ನನ್ನ ಹೆಸರ ಹಿಂಗ ಐತೇನೋ ಅಂತ ನನ್ನ ದೋಸ್ತ ಕೇಳಾಕತ್ತಾನ. ನಾ ಏನ ಹೇಳ್ಲಿ?’

ಅವನ ಧ್ವನಿಯಲ್ಲಿದ್ದುದು ಕುತೂಹಲವಲ್ಲ, ಭಯ. ಇಪ್ಪತ್ತು ವರ್ಷಗಳ ಸ್ನೇಹವು ಒಂದು ಚಿತ್ರದ ಮುಂದೆ ನಿಂತಿತ್ತು. ಗೆಳೆಯನನ್ನೂ ಕರೆದುಕೊಂಡು ಬಾ ಎಂದೆ. ಮರುದಿನ ಸಂಜೆ ಇಬ್ಬರೂ ಬಂದು ಮಕ್ತಬಿನ ಕಟ್ಟೆಯ ಮೇಲೆ ಕುಳಿತರು.

ನಾನು ಮೊದಲು ತೆರೆದದ್ದು ಅಲ್ ಹದೀದ್ ಅಧ್ಯಾಯದ 20ನೇ ಸೂಕ್ತ. ಇಹಲೋಕದ ಬದುಕನ್ನು ಅದು ಮಳೆಗೆ ಹೋಲಿಸುತ್ತದೆ. ಮಳೆಯಿಂದ ಬೆಳೆದ ಪೈರು ‘ಕುಫ್ಫಾರ್’ಗೆ ಹಿತವೆನಿಸುತ್ತದೆ, ಆಮೇಲೆ ಅದು ಒಣಗುತ್ತದೆ, ಹಳದಿಯಾಗುತ್ತದೆ, ಹೊಟ್ಟಾಗಿ ಉದುರುತ್ತದೆ ಎಂಬುದು ಅದರ ಸಾರ. ಕುಫ್ಫಾರ್ ಎಂಬುದು ಕಾಫಿರ್ ಪದದ ಬಹುವಚನ. ಹಾಗಾದರೆ ಇಲ್ಲಿ ಪೈರನ್ನು ನೋಡಿ ಹಿಗ್ಗುವವರು ಯಾರು? ಇಬ್ನು ಮಸ್‌ಊದ್(ರ)ರಿಂದ ಬಂದ ಅಭಿಪ್ರಾಯದಂತೆ ರೈತರು. ಇಬ್ನು ಕಸೀರ್(ರ) ಕೂಡ ರೈತರೆಂದೇ ಬರೆಯುತ್ತಾರೆ. ಕಾರಣ, ‘ಕಫರ’ ಎಂಬ ಧಾತುವಿನ ಮೂಲಾರ್ಥ ಮುಚ್ಚುವುದು. ಕುರ್‌ಆನಿನ ಪದಗಳ ನಿಘಂಟಾದ ‘ಮುಫ್ರದಾತ್’ನಲ್ಲಿ ರಾಗಿಬ್ ಅಲ್ ಇಸ್ಫಹಾನಿ(ರ) ಇದನ್ನು ಬಿಡಿಸುತ್ತಾರೆ: ಜನರನ್ನು ಕತ್ತಲಿನಿಂದ ಮುಚ್ಚುವ ರಾತ್ರಿಯನ್ನು ಅರಬರು ಕಾಫಿರ್ ಎಂದರು, ಬೀಜವನ್ನು ಮಣ್ಣಿನಿಂದ ಮುಚ್ಚುವ ರೈತನನ್ನೂ ಹಾಗೆಯೇ ಕರೆದರು. ಪಾಪವನ್ನು ಮುಚ್ಚುವ ಪ್ರಾಯಶ್ಚಿತ್ತ ‘ಕಫ್ಫಾರ’ವಾಯಿತು. ಪಡೆದ ಉಪಕಾರವನ್ನು ಮುಚ್ಚುವವನು ಕೃತಘ್ನ. ತಿಳಿದ ಸತ್ಯವನ್ನು ಮುಚ್ಚುವವನು ಸತ್ಯನಿಷೇಧಿ.

ಕೂರಿಗೆಯಲ್ಲಿ ಬಿತ್ತಿ, ಮೇಲೆ ಕುಂಟೆ ಹೊಡೆದು ಬೀಜ ಮುಚ್ಚುವ ಕೆಲಸವನ್ನು ಪ್ರತಿ ವರ್ಷ ಮಾಡುವ ಆ ಇಬ್ಬರಿಗೂ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಹಿಂದೂ ಗೆಳೆಯ ಮೆಲ್ಲನೆ ನಕ್ಕು ಹೇಳಿದ: ‘ಹಂಗಾದ್ರ ಮೌಲ್ವಿ ಸಾಹೇಬ್ರ, ಬಿತ್ತೂ ಹೊತ್ತಿನ್ಯಾಗ ನಾವಿಬ್ರೂ ಅದ ಆದ್ವಿ.’ ಆಮೇಲೆ ಗಂಭೀರನಾಗಿ ಕೇಳಿದ: ‘ಇದೊಂದು ಕಡಿಗೆ ಸರಿ. ಉಳದ ಕಡಿಗೆ?’

ಈ ಪ್ರಶ್ನೆ ನ್ಯಾಯವಾದದ್ದು. ಅದನ್ನು ನಗೆಯಲ್ಲಿ ತೇಲಿಸುವುದು ವಿದ್ಯೆಗೆ ಮಾಡುವ ದ್ರೋಹ. ಆದ್ದರಿಂದ ಹೀಗೆ ವಿವರಿಸಿದೆ. ಉಳಿದ ಬಹುತೇಕ ಕಡೆ ಆ ಪದಕ್ಕೆ ಸತ್ಯವನ್ನು ನಿರಾಕರಿಸುವವನು ಎಂಬ ಅರ್ಥವಿದೆ. ಅದನ್ನು ಮರೆಮಾಚುವುದಿಲ್ಲ. ಅಲ್ ಹದೀದಿನ ಈ ಸೂಕ್ತದಲ್ಲಿ ಕೂಡ ಸತ್ಯನಿಷೇಧಿಗಳೆಂಬ ಅರ್ಥವನ್ನು ಹೇಳಿದವರಿದ್ದಾರೆ. ಇಹಲೋಕದ ಸೊಬಗಿಗೆ ಹೆಚ್ಚು ಮರುಳಾಗುವವರು ಅವರೇ ಎಂಬುದು ಅವರ ವಾದ. ಇಮಾಮ್ ರಾಝಿ(ರ) ಎರಡೂ ಅಭಿಪ್ರಾಯಗಳನ್ನು ಕೊಡುತ್ತಾರೆ. ಅಲ್ ಫತ್‌ಹ್ ಅಧ್ಯಾಯದ 29ನೇ ಸೂಕ್ತದಲ್ಲಿಯೂ ರೈತನನ್ನು ಹಿಗ್ಗಿಸುವ ಪೈರಿನ ಹೋಲಿಕೆ ಇದೆ. ಅಲ್ಲಿ ರೈತನಿಗೆ ‘ಝುರ್ರಾಅ್’ ಎಂಬ ಬೇರೆಯೇ ಪದ ಬಂದು, ಅದರ ಬೆನ್ನಿಗೇ ‘ಕುಫ್ಫಾರ್’ ಎಂಬುದು ನಿಷೇಧಿಗಳ ಅರ್ಥದಲ್ಲಿ ಬಂದಿದೆ. ಲುಕ್ಮಾನ್ ಅಧ್ಯಾಯದ 12ನೇ ಸೂಕ್ತದಲ್ಲಿ ಅದೇ ಧಾತು ಕೃತಜ್ಞತೆಗೆ ಎದುರಾಗಿ ನಿಂತಿದೆ. ಅಶ್ಶುಅರಾ ಅಧ್ಯಾಯದ 19ನೇ ಸೂಕ್ತದಲ್ಲಿ ಫಿರ್‌ಔನ್ ಪ್ರವಾದಿ ಮೂಸಾ(ಅ)ರನ್ನು ಅದೇ ಪದದಿಂದ ಕರೆಯುತ್ತಾನೆ. ಸಾಕಿದ ಋಣವನ್ನು ಮರೆತವನು ಎಂಬುದು ಅವನ ಆಕ್ಷೇಪ. ಒಂದು ಪದ ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ವಿಂಗಡಿಸುವುದಕ್ಕೆ ‘ವುಜೂಹ್ ಮತ್ತು ನಝಾಇರ್’ ಎಂಬ ಒಂದು ಶಾಸ್ತ್ರವೇ ಇದೆ. ಹಿಜರಿ 150ರಲ್ಲಿ ನಿಧನರಾದ ಮುಕಾತಿಲ್ ಇಬ್ನು ಸುಲೈಮಾನ್ ಅವರ ಗ್ರಂಥ ಅದರ ಮೊದಲ ಕೃತಿಗಳಲ್ಲೊಂದು.

ಆ ಚಿತ್ರದಲ್ಲಿ ಅತ್ತೌಬಾ ಅಧ್ಯಾಯದ 5ನೇ ಸೂಕ್ತದ ಒಂದು ತುಂಡೂ ಇತ್ತು. ಅದರ ಹಿಂದಿನ 4ನೇ ಸೂಕ್ತವನ್ನೂ ಮುಂದಿನ 6ನೇ ಸೂಕ್ತವನ್ನೂ ಓದಿಸಿದೆ. ಒಪ್ಪಂದ ಮುರಿಯದ ಬಹುದೇವಾರಾಧಕರೊಂದಿಗೆ ಅವಧಿ ಮುಗಿಯುವವರೆಗೂ ಕರಾರನ್ನು ಪಾಲಿಸಬೇಕೆಂದು ಹಿಂದಿನದು ಹೇಳುತ್ತದೆ. ಅವರಲ್ಲೊಬ್ಬನು ಆಶ್ರಯ ಬೇಡಿ ಬಂದರೆ ಕೊಟ್ಟು, ಸುರಕ್ಷಿತ ನೆಲೆಗೆ ತಲುಪಿಸಬೇಕೆಂದು ಮುಂದಿನದು ಹೇಳುತ್ತದೆ. ಪ್ರಮಾಣ ಮುರಿದು, ಮೊದಲು ಕೈಯೆತ್ತಿದವರ ಬಗ್ಗೆ ಈ ಮಾತು ಎಂಬುದು 13ನೇ ಸೂಕ್ತಕ್ಕೆ ಬಂದಾಗ ಸ್ಪಷ್ಟವಾಗುತ್ತದೆ. ಇನ್ನು ಅಲ್ ಮುಮ್ತಹಿನಃ ಅಧ್ಯಾಯದ 8ನೇ ಸೂಕ್ತವು, ಧರ್ಮದ ಕಾರಣಕ್ಕೆ ನಿಮ್ಮೊಂದಿಗೆ ಕಾದಾಡದವರಿಗೆ, ನಿಮ್ಮನ್ನು ಮನೆಯಿಂದ ಹೊರಹಾಕದವರಿಗೆ ಒಳಿತು ಮಾಡುವುದನ್ನೂ ನ್ಯಾಯ ಪಾಲಿಸುವುದನ್ನೂ ಅಲ್ಲಾಹನು ತಡೆಯುವುದಿಲ್ಲ ಎಂಬ ಆಶಯವನ್ನು ಸಾರುತ್ತದೆ.

ತಿಳಿದವನೊಬ್ಬನು ಇಲ್ಲಿ ತಕರಾರು ಎತ್ತಬಹುದು: ಯುದ್ಧದ ಸೂಕ್ತ ಬಂದ ಮೇಲೆ ಸಹನೆಯ ಸೂಕ್ತಗಳು ರದ್ದಾದವು ಎಂದು ಕೆಲವು ಹಿರಿಯರು ಹೇಳಿಲ್ಲವೇ? ಹೌದು, ಹೇಳಿದ್ದಾರೆ. ‘ನಸ್ಖ್’ ಎಂದು ಕರೆಯುವ ಈ ವಿಷಯದಲ್ಲಿ ಭಿನ್ನಮತವಿದೆ. ಹಿಂದಿನ ಕೆಲವರು ಇನ್ನೂರಕ್ಕೂ ಹೆಚ್ಚು ಸೂಕ್ತಗಳನ್ನು ಈ ಪಟ್ಟಿಗೆ ಸೇರಿಸಿದ್ದರು. ಇಮಾಮ್ ಸುಯೂತಿ(ರ) ತಮ್ಮ ‘ಅಲ್ ಇತ್ಕಾನ್’ನಲ್ಲಿ ಅದನ್ನು ಸುಮಾರು 20ಕ್ಕೆ ಇಳಿಸಿದರು. ದೆಹಲಿಯ ಶಾಹ್ ವಲಿಯುಲ್ಲಾಹ್(ರ) ತಮ್ಮ ‘ಅಲ್ ಫೌಝುಲ್ ಕಬೀರ್’ನಲ್ಲಿ ಆ ಇಪ್ಪತ್ತನ್ನೂ ಪರಿಶೀಲಿಸಿ ಐದಕ್ಕೆ ತಂದರು. ಅಲ್ ಮುಮ್ತಹಿನಃದ ಈ ಸೂಕ್ತವು ರದ್ದಾಗಿದೆಯೆಂಬ ಮಾತಿಗೆ ಅರ್ಥವಿಲ್ಲವೆಂದು ಸಾವಿರ ವರ್ಷಕ್ಕೂ ಹಿಂದೆ ಇಮಾಮ್ ತಬರಿ(ರ)ಯೇ ಬರೆದಿದ್ದಾರೆ. ಅದು ಎಲ್ಲ ಧರ್ಮಗಳ ಜನರಿಗೂ ಅನ್ವಯಿಸುತ್ತದೆಂಬುದು ಅವರ ತೀರ್ಮಾನ. ಈ ಉದಾರ ಓದು ಇಂದಿನ ಕಾಲಕ್ಕೆ ಹೆದರಿ ನಾವು ಹೊಸದಾಗಿ ಹೊಸೆದದ್ದಲ್ಲ.

ಎಲ್ಲ ಸಂದೇಹಗಳೂ ಅಂದೇ ಪರಿಹಾರವಾದವೆಂದು ನಾನು ಹೇಳುವುದಿಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೆ ಜಾಗವಿದೆ, ಉತ್ತರ ಹುಡುಕುವುದಕ್ಕೆ ಕ್ರಮವಿದೆ ಎಂದು ಇಬ್ಬರೂ ಕಂಡರು. ಆ ವರ್ಷವೂ ಅವರು ಕೂಡಿಯೇ ಬಿತ್ತಿದರು.

ಉರ್ದುವಿನಿಂದ ಕನ್ನಡಕ್ಕೆ

ಕುರ್‌ಆನಿನ ಅರ್ಥವನ್ನು ಜನರ ಮಾತಿಗೆ ತರುವ ಕೆಲಸದಲ್ಲಿ ನಮ್ಮ ದೇಶಕ್ಕೆ ದೀರ್ಘ ಪರಂಪರೆಯಿದೆ. 18ನೇ ಶತಮಾನದಲ್ಲಿ ಶಾಹ್ ವಲಿಯುಲ್ಲಾಹ್(ರ) ಪಾರಸಿಗೆ ಅನುವಾದಿಸಿದರು. ಅವರ ಇಬ್ಬರು ಮಕ್ಕಳು ಉರ್ದುವಿಗೆ ತಂದರು. ಶಾಹ್ ರಫೀಉದ್ದೀನ್(ರ) ಪದಕ್ಕೆ ಪದ ಇಟ್ಟು, ಅರಬೀ ವಾಕ್ಯದ ಜಾಡನ್ನೇ ಹಿಡಿದು ಸಾಗಿದರು. ಶಾಹ್ ಅಬ್ದುಲ್ ಕಾದಿರ್(ರ) ಹಿಜರಿ 1205ರಲ್ಲಿ ಮುಗಿಸಿದ ‘ಮೂಝಿಹುಲ್ ಕುರ್‌ಆನ್’ನಲ್ಲಿ ಜನ ಆಡುವ ನುಡಿಗಟ್ಟಿಗೆ ಹೊಂದಿಸಿದರು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಎರಡು ಕ್ರಮ. ಇಬ್ಬರ ಕೆಲಸವೂ ಉಳಿಯಿತು. ಒಬ್ಬರು ಇನ್ನೊಬ್ಬರನ್ನು ದಾರಿ ತಪ್ಪಿದವರೆನ್ನಲಿಲ್ಲ.

ನಮ್ಮ ಮನೆಗಳಲ್ಲಿ ದಖನಿ ಉರ್ದು ಆಡುತ್ತೇವೆ. ಮಸೀದಿಯ ಬಯಾನ್ ಉರ್ದುವಿನಲ್ಲಿ ನಡೆಯುತ್ತದೆ. ಆದರೆ ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಉರ್ದು ಲಿಪಿ ಸಲೀಸಲ್ಲ. ಗ್ರಾಂಥಿಕ ಉರ್ದು ಇನ್ನೂ ದೂರ. ಅವರಿಗೆ ಕುರ್‌ಆನಿನ ಅರ್ಥ ತೆರೆದುಕೊಳ್ಳುವುದು ಕನ್ನಡದಲ್ಲೇ. ಅಲ್ಲಾಹನ ಅನುಗ್ರಹದಿಂದ ಆ ಬಾಗಿಲು ಈಗ ಮುಚ್ಚಿಲ್ಲ. ಮಂಗಳೂರಿನ ಶಾಂತಿ ಪ್ರಕಾಶನವು ಕುರ್‌ಆನಿನ ಕನ್ನಡ ಅನುವಾದವನ್ನೂ, ಮೌದೂದಿಯವರು 1942ರಿಂದ 1972ರವರೆಗೆ ಉರ್ದುವಿನಲ್ಲಿ ಬರೆದ ‘ತಫ್ಹೀಮುಲ್ ಕುರ್‌ಆನ್’ನ ಕನ್ನಡ ರೂಪವನ್ನೂ ಹೊರತಂದಿದೆ. ಅಬ್ದುಸ್ಸಲಾಮ್ ಪುತ್ತಿಗೆಯವರ ಕನ್ನಡ ಅನುವಾದವೂ ಇದೆ.

ಆದರೆ ಒಂದು ಮಾತನ್ನು ಮರೆಯಬಾರದು. ಪ್ರತಿ ಅನುವಾದವೂ ಒಂದು ಚಿಕ್ಕ ವ್ಯಾಖ್ಯಾನ. ‘ತಕ್ವಾ’ ಎಂಬಲ್ಲಿ ಒಬ್ಬರು ಭಯಭಕ್ತಿ ಎನ್ನುತ್ತಾರೆ, ಇನ್ನೊಬ್ಬರು ಧರ್ಮನಿಷ್ಠೆ ಎನ್ನುತ್ತಾರೆ. ‘ರಬ್ಬ್’ ಎಂಬಲ್ಲಿ ಪ್ರಭು ಎಂದರೆ ಅಧಿಕಾರ ಮುಂದೆ ನಿಲ್ಲುತ್ತದೆ. ಪಾಲಕ ಎಂದರೆ ಸಾಕಿ ಸಲಹುವ ಪ್ರೀತಿ ಮುಂದೆ ನಿಲ್ಲುತ್ತದೆ. ಮೂಲದಲ್ಲಿ ಎರಡೂ ಇವೆ. ಒಂದನ್ನು ಆರಿಸಿದಾಗ ಇನ್ನೊಂದು ಹಿಂದೆ ಸರಿಯುತ್ತದೆ. ಅನುವಾದಕರ ಲೋಪ ಇದರಲ್ಲಿಲ್ಲ. ಭಾಷೆಯ ಸ್ವಭಾವವೇ ಹಾಗೆ.

ಮನೆಯಲ್ಲಿ ಓದುವವರಿಗೆ

ಹಾಗಾದರೆ ಅರಬೀ ಬಾರದ ತಾಯಂದಿರು, ಯುವಕರು, ಮಕ್ಕಳು ಕುರ್‌ಆನಿನ ಅರ್ಥ ಓದಬಾರದೇ? ಖಂಡಿತ ಓದಬೇಕು. ಸಾದ್ ಅಧ್ಯಾಯದ 29ನೇ ಸೂಕ್ತವು ಈ ಗ್ರಂಥವನ್ನು ಇಳಿಸಿರುವುದೇ ಜನರು ಅದರ ಸೂಕ್ತಗಳ ಬಗ್ಗೆ ಚಿಂತನೆ ನಡೆಸಲೆಂದು ಎಂಬ ಆಶಯವನ್ನು ಹೇಳುತ್ತದೆ. ಆದರೆ ಮಾರ್ಗದರ್ಶನಕ್ಕಾಗಿ ಓದುವುದು ಬೇರೆ, ಓದಿ ತೀರ್ಪು ಕೊಡುವುದು ಬೇರೆ. ಮೊದಲನೆಯದು ಪ್ರತಿಯೊಬ್ಬರ ಹಕ್ಕು. ಎರಡನೆಯದಕ್ಕೆ ತಯಾರಿ ಬೇಕು.

ನನ್ನ ವಿದ್ಯಾರ್ಥಿಗಳಿಗೆ ಹೇಳುವ ಕೆಲವು ಕ್ರಮಗಳನ್ನು ಇಲ್ಲಿಯೂ ಹೇಳುತ್ತೇನೆ. ಬಿಡಿ ಸೂಕ್ತವೊಂದು ಕೈಗೆ ಬಂದರೆ ಅದರ ಅಧ್ಯಾಯ ಮತ್ತು ಸಂಖ್ಯೆಯನ್ನು ಹುಡುಕಿ, ಹಿಂದಿನ ಐದು ಹಾಗೂ ಮುಂದಿನ ಐದು ಸೂಕ್ತಗಳನ್ನು ಓದಿರಿ. ಸಾಧ್ಯವಾದರೆ ಎರಡು ಅನುವಾದಗಳನ್ನು ಪಕ್ಕಪಕ್ಕದಲ್ಲಿಡಿರಿ. ಎಲ್ಲಿ ಪದ ಬೇರೆಯಾಗುತ್ತದೆಯೋ ಅಲ್ಲಿ ಒಂದು ಪ್ರಶ್ನೆಯಿದೆ ಎಂದು ಗುರುತು ಹಾಕಿರಿ. ಅದೇ ವಿಷಯದ ಬಗ್ಗೆ ಕುರ್‌ಆನ್ ಬೇರೆಲ್ಲಿ ಏನು ಹೇಳಿದೆ ಎಂದು ನೋಡಿರಿ. ಅವತೀರ್ಣದ ಸಂದರ್ಭವನ್ನು ಬಲ್ಲವರಲ್ಲಿ ಕೇಳಿರಿ. ಒಬ್ಬ ವಿದ್ವಾಂಸರ ಅಭಿಪ್ರಾಯ ಕೇಳಿದಾಗ, ಇದರಲ್ಲಿ ಬೇರೆ ಅಭಿಪ್ರಾಯಗಳಿವೆಯೇ ಎಂದು ವಿನಯದಿಂದ ವಿಚಾರಿಸಿರಿ. ಮತ್ತು ಯಾವ ಓದು ನಿಮ್ಮ ಸಿಟ್ಟಿಗೆ, ಸ್ವಾರ್ಥಕ್ಕೆ, ಪಕ್ಷಪಾತಕ್ಕೆ ತಕ್ಷಣ ಒದಗಿಬರುತ್ತದೆಯೋ ಅದನ್ನು ಹೆಚ್ಚು ಪರೀಕ್ಷಿಸಿರಿ. ತಂಗಿಯ ಆಸ್ತಿಯ ಪಾಲು ತಪ್ಪಿಸಲಿಕ್ಕೋ, ಹೆಂಡತಿಯ ಬಾಯಿ ಮುಚ್ಚಿಸಲಿಕ್ಕೋ, ನೆರೆಯವನನ್ನು ಹಗೆಯೆನ್ನಲಿಕ್ಕೋ ಅರ್ಧ ಸೂಕ್ತ ಹಿಡಿದು ಬರುವವನು ಕುರ್‌ಆನನ್ನು ಓದುತ್ತಿಲ್ಲ. ತನ್ನ ಇಚ್ಛೆಗೆ ಕುರ್‌ಆನಿನ ಹೊದಿಕೆ ಹೊದಿಸುತ್ತಿದ್ದಾನೆ.

ಇನ್ನು, ಎಲ್ಲವೂ ನಮಗೆ ತಿಳಿದೇ ತೀರಬೇಕೆಂಬ ಹಟವೂ ಬೇಡ. ಆಲಿ ಇಮ್ರಾನ್ ಅಧ್ಯಾಯದ 7ನೇ ಸೂಕ್ತವು, ಸ್ಪಷ್ಟಾರ್ಥದ ಸೂಕ್ತಗಳೂ ಬಹ್ವರ್ಥದ ಸೂಕ್ತಗಳೂ ಕುರ್‌ಆನಿನಲ್ಲಿವೆ ಎಂದು ತಿಳಿಸಿ, ಗೊಂದಲ ಹುಟ್ಟಿಸಲೆಂದು ಎರಡನೆಯವುಗಳ ಬೆನ್ನು ಹತ್ತುವವರ ಬಗ್ಗೆ ಎಚ್ಚರಿಸುತ್ತದೆ. ಅವುಗಳ ನಿಜಾರ್ಥ ಅಲ್ಲಾಹನಿಗೆ ಮಾತ್ರ ಗೊತ್ತೇ, ಜ್ಞಾನದಲ್ಲಿ ಬೇರೂರಿದವರಿಗೂ ಗೊತ್ತೇ ಎಂಬುದು ಆ ಸೂಕ್ತವನ್ನು ಓದುವಾಗ ಎಲ್ಲಿ ನಿಲ್ಲುತ್ತೇವೆ ಎಂಬುದರ ಮೇಲಿದೆ. ನಮ್ಮ ದೇಶದಲ್ಲಿ ಮುದ್ರಿತವಾಗುವ ಮುಸ್‌ಹಫ್‌ಗಳಲ್ಲಿ ‘ಅಲ್ಲಾಹ್’ ಎಂಬ ಪದದ ಬಳಿಕ ನಿಲ್ಲಲೇಬೇಕೆಂದು ಸೂಚಿಸುವ ಪುಟ್ಟ ‘ಮೀಮ್’ ಅಕ್ಷರವಿದೆ. ಅಲ್ಲಿ ನಿಂತರೆ ಆ ಜ್ಞಾನ ಅವನೊಬ್ಬನಿಗೆ. ನಿಲ್ಲದೆ ಮುಂದುವರಿಸಿ ಓದುವ ಅಭಿಪ್ರಾಯವೂ ಇದೆ. ಆಗ ಜ್ಞಾನಿಗಳಿಗೂ ಅದರಲ್ಲಿ ಪಾಲು. ಆ ಅರ್ಥ ಬಲ್ಲವರಲ್ಲಿ ನಾನೂ ಒಬ್ಬ ಎಂಬ ಮಾತು ಇಬ್ನು ಅಬ್ಬಾಸ್(ರ)ರ ಹೆಸರಿನಲ್ಲಿ ವರದಿಯಾಗಿದೆ. ಯಾರಿಗೆ ಎಷ್ಟು ಗೊತ್ತು ಎಂಬ ಪ್ರಶ್ನೆಯಲ್ಲಿಯೇ ಎರಡು ಓದುಗಳಿಗೆ ಎಡೆಯಿದೆ!

ನಮ್ಮ ವ್ಯಾಖ್ಯಾನಕಾರರು ಪುಟಗಟ್ಟಲೆ ಬರೆದು, ವಾದಿಸಿ, ಆಧಾರಗಳನ್ನು ತೂಗಿ, ಕೊನೆಗೆ ‘ವಲ್ಲಾಹು ಅಅ್‌ಲಮ್’ ಎಂದು ಬರೆದು ಲೇಖನಿ ಕೆಳಗಿಡುತ್ತಿದ್ದರು. ಬದುಕಿಡೀ ಓದಿದವರ ಬಾಯಲ್ಲಿ ಬಂದ ಈ ಮಾತು ಒಂದು ಸೂಕ್ತದ ಚಿತ್ರ ನೋಡಿ ತೀರ್ಪು ಕೊಡುವ ನಮ್ಮ ಬಾಯಲ್ಲಿಯೂ ಬರಲಿ. ನಮ್ಮ ಮಕ್ಕಳಿಗೆ ಕುರ್‌ಆನಿನ ಉಚ್ಚಾರವನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅದರ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವುದನ್ನೂ ಕಲಿಸೋಣ. ಅಲ್ಲಾಹನು ನಮಗೆ ಸರಿಯಾದ ತಿಳಿವಳಿಕೆಯನ್ನೂ, ತಿಳಿದಂತೆ ನಡೆಯುವ ಸೌಭಾಗ್ಯವನ್ನೂ ಕರುಣಿಸಲಿ. ಆಮೀನ್.

ಅಲ್ಲಾಹನೇ ಹೆಚ್ಚು ಬಲ್ಲವನು.